ಮತ್ತು ಸಂಗಡಿಗರು

ಹಾಡು ಕೇಳದ ಮನುಷ್ಯನಿಲ್ಲ. ಹತ್ತಿಯ ಹೊಲದಲ್ಲಿ ಕಳೆ ತೆಗೆಯುವವರಿಂದ ಮೊದಲ್ಗೊಂಡು ಪರೀಕ್ಷೆಗೆ ಓದುವ ವಿದ್ಯಾರ್ಥಿಗಳವರೆಗೆ ಎಲ್ಲರಿಗೂ ಹಾಡು ಬೇಕು. ಹಾಡಿದವರ ಹೆಸರನ್ನೂ ನಾವು ಬಲ್ಲೆವು. ಆದರೆ ಒಂದು ಹಾಡು ನಮ್ಮ ಕಿವಿಗೆ ಬಂದು ಮುಟ್ಟುವ ಮುನ್ನ ಎಷ್ಟು ಕೈಗಳನ್ನು ದಾಟಿ ಬಂದಿರುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ಈ ವಿಷಯವಾಗಿ ನಾನು ಓದಿ, ಕೇಳಿ ತಿಳಿದುಕೊಂಡಷ್ಟನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಕಳೆದ ಮಳೆಗಾಲದ ಒಂದು ಮುಂಜಾನೆ, ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿಗೆ ಬರುವ ಬಸ್ಸಿನಲ್ಲಿ ಚಾಲಕರು ಒಂದು ಹಳೆಯ ಭಾವಗೀತೆ ಹಚ್ಚಿದ್ದರು. ಭೀಮಾ ನದಿಯ ಸೇತುವೆ ಬರುವಷ್ಟರಲ್ಲಿ, ಹಾಡಿದವರು ಸಿ. ಅಶ್ವತ್ಥ್ ಎಂದು ಹತ್ತು ಜನ ಹೇಳಿದರು. "ಕೊಳಲು ಊದಿದವರು ಯಾರು? ತಬಲಾ ಯಾರದು?" ಎಂದು ನಾನು ಕೇಳಿದೆ. ಯಾರೂ ಮಾತಾಡಲಿಲ್ಲ. ಗೆಳೆಯನೊಬ್ಬ ನಕ್ಕು, "ಅದನ್ನ ತಗೊಂಡು ನೀ ಏನ್ ಮಾಡ್ತಿ?" ಎಂದ. ಅವನಿಗೆ ಅಂದು ಉತ್ತರ ಕೊಡಲಾಗಲಿಲ್ಲ. ಈಗ ಕೊಡಲು ಯತ್ನಿಸುತ್ತೇನೆ.

ನಾನು ಹಾಗೆ ಕೇಳುವುದಕ್ಕೆ ಕಾರಣವಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ನಮ್ಮ ಮನೆಯಲ್ಲಿ ವಿದ್ಯೆ ನನ್ನಿಂದ ಆರಂಭವಾಯಿತೆಂದು ಹೇಳಲಾರೆ. ನಮ್ಮ ಕಾಕಾ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು; ಆದರೂ ತಿಂಥಣಿ ಮೌನೇಶ್ವರರ, ಕಡಕೋಳ ಮಡಿವಾಳಪ್ಪನವರ ಪದಗಳು ಅವರಿಗೆ ಬಾಯಿಪಾಠ. ಅಮಾವಾಸ್ಯೆಯ ಭಜನೆಯಲ್ಲಿ ತಬಲಾ ಬಾರಿಸುವವರು ಅವರೇ. 1990ರ ದಶಕದ ನಡುವೆ ಅವರು ದೂರದ ಒಂದು ಪಟ್ಟಣಕ್ಕೆ ಹೋಗಿ, ತತ್ವಪದಗಳ ಒಂದು ಧ್ವನಿಸುರುಳಿಗೆ ತಬಲಾ ಬಾರಿಸಿ ಬಂದಿದ್ದರು. ಟ್ರಂಕಿನಲ್ಲಿ ಅರಿವೆ ಸುತ್ತಿ ಇಟ್ಟಿದ್ದ ಆ ಸುರುಳಿಯನ್ನು ಹೋದ ವರ್ಷ ನನಗೆ ತೆಗೆದು ತೋರಿಸಿದರು. ಮೇಲಿನ ಹಾಳೆಯಲ್ಲಿ ಹಾಡಿದವರ ಭಾವಚಿತ್ರ, ಕೆಳಗೆ ಅವರ ಹೆಸರು, ಹೆಸರಿನ ಮುಂದೆ ಸಣ್ಣ ಅಕ್ಷರಗಳಲ್ಲಿ "ಮತ್ತು ಸಂಗಡಿಗರು" ಎಂದಿತ್ತು.

"ಸಂಗಡಿಗರು ಅಂತ ಅದಲ್ಲ ತಮ್ಮಾ, ಅದರಾಗ ನಾ ಅದೀನಿ" ಎಂದರು ಕಾಕಾ.

ಅವರು ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಆದರೆ ನನಗೆ ಆ ಒಂದು ಪದವನ್ನು ದಾಟಿ ಮುಂದೆ ಹೋಗಲಾಗಲಿಲ್ಲ.

ಧ್ವನಿಮುದ್ರಣದ ಚರಿತ್ರೆಯನ್ನು ನೋಡಿದರೆ, ಹೆಸರಿನ ಪ್ರಶ್ನೆ ಅದರ ಹುಟ್ಟಿನೊಡನೆಯೇ ಬಂದಿದೆ. 1902ರ ನವೆಂಬರಿನಲ್ಲಿ ಇಂಗ್ಲೆಂಡಿನ ಗ್ರಾಮಾಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಆಗ ಮೈಕು ಇರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಯೊಳಗೆ ಹಾಡಬೇಕು. ಆ ದನಿಯ ಕಂಪನದಿಂದ ಸೂಜಿಯೊಂದು ಮೇಣದ ತಟ್ಟೆಯ ಮೇಲೆ ಗೀರು ಕೊರೆಯುತ್ತಿತ್ತು. ಸುಮಾರು ಮೂರು ನಿಮಿಷಕ್ಕೆ ತಟ್ಟೆ ಮುಗಿಯುತ್ತಿತ್ತು. ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲಿ ಎಂಬುದಕ್ಕಾಗಿ ಈ ಉಪಾಯ. ಅದೇ ಗೌಹರ್ ಜಾನ್ ಮುಂದೆ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರು ಕೂಗಿ ಹೇಳಿದ್ದರಿಂದ ಅವರ ಹೆಸರು ಉಳಿಯಿತು. ಪಕ್ಕದಲ್ಲಿ ಕುಳಿತು ವಾದ್ಯ ನುಡಿಸಿದವರಿಗೆ ಕೂಗಿ ಹೇಳುವ ಸರದಿ ಬರಲಿಲ್ಲ.

ಇನ್ನು, ಧ್ವನಿಸುರುಳಿಯ ಕಾಲದಲ್ಲಿ ಒಂದು ಹಾಡು ಹೇಗೆ ಸಿದ್ಧವಾಗುತ್ತಿತ್ತೆಂಬುದನ್ನು ಕಾಕಾ ಕಂಡಂತೆ ವಿವರಿಸುವೆನು. ಸ್ಟುಡಿಯೋ ಎಂದರೆ ಗಾಜಿನ ಕಿಟಕಿಯ ನಡುಗೋಡೆಯುಳ್ಳ ಎರಡು ಕೋಣೆ. ಒಂದರಲ್ಲಿ ಹಾಡುವವರು, ಬಾರಿಸುವವರು. ಇನ್ನೊಂದರಲ್ಲಿ ಯಂತ್ರಗಳ ಮುಂದೆ ಧ್ವನಿಮುದ್ರಕರು. ಗೋಡೆಗಳಿಗೆಲ್ಲ ಮೆತ್ತನೆಯ ಹೊದಿಕೆ. ದನಿ ಬಡಿದು ತಿರುಗಿ ಬರಬಾರದು. ಪಂಖ ಬಂದ್. ಧ್ವನಿಮುದ್ರಕರು ಗಾಜಿನ ಆಚೆಯಿಂದ ಕೈ ಎತ್ತಿದರೆ ಆರಂಭ. ನಡುವೆ ಒಬ್ಬರು ಕೆಮ್ಮಿದರೂ ಮೊದಲಿನಿಂದ ಬಾರಿಸಬೇಕು. ಹಾಡುವವರ ಸ್ವರ ಕಾಳಿ ಎರಡು. ಕಾಕಾ ಸುತ್ತಿಗೆ ಹಿಡಿದು ತಬಲಾವನ್ನು ಆ ಸ್ವರಕ್ಕೆ ಕೂಡಿಸುತ್ತಿದ್ದರು. ಬಂದ್ ಕೋಣೆಯ ಸೆಕೆಯಲ್ಲಿ ಸ್ವರ ಇಳಿಯುತ್ತಿತ್ತು, ಮತ್ತೆ ಸುತ್ತಿಗೆ. ಎರಡು ದಿನದಲ್ಲಿ ಎಂಟು ಪದಗಳು ಮುಗಿದವಂತೆ.

ಇಲ್ಲಿ ಎರಡು ತೊಡಕು ಬಂದವು. ಮೊದಲನೆಯದು ವೇಳೆಯದು. ಊರಿನ ಭಜನೆಯಲ್ಲಿ ಒಂದು ಪದ ಕಾಲು ತಾಸು ನಡೆದರೂ ಕೇಳುವವರಿಲ್ಲ. ಆದರೆ 60 ನಿಮಿಷದ ಸುರುಳಿಯಲ್ಲಿ ಒಂದು ಮಗ್ಗುಲಿಗೆ 30 ನಿಮಿಷ ಮಾತ್ರ. ಯಾವ ನುಡಿಯನ್ನು ಎಷ್ಟು ಸಲ ತಿರುಗಿ ಹಾಡಬೇಕು, ಎಲ್ಲಿ ಕೊಳಲು ತುಂಬಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿಶ್ಚಯಿಸುವವರು ವಾದ್ಯಸಂಯೋಜಕರು. ರಾಗ ಹಾಕಿದವರೇ ಈ ಕೆಲಸ ಮಾಡುವುದುಂಟು. ಬೇರೆಯವರು ಮಾಡುವುದೂ ಉಂಟು. ಎರಡನೆಯ ತೊಡಕು ನಡೆಯದು. ಸಂಯೋಜಕರು ಒಂದು ಪದಕ್ಕೆ ಸಿನಿಮಾ ಹಾಡಿನ ನಡೆ ಬೇಕೆಂದರಂತೆ. ಕಾಕಾ ಹೆದರುತ್ತಲೇ, "ನಮ್ಮ ಕಡೆ ಹಿಂಗ ಹೋಗ್ತದ್ರೀ" ಎಂದು ಅಮಾವಾಸ್ಯೆಯ ಭಜನೆಯ ನಡೆಯನ್ನು ಬಾರಿಸಿ ತೋರಿಸಿದರು. ಸಂಯೋಜಕರು ದೊಡ್ಡ ಮನಸ್ಸಿನವರು, ಒಪ್ಪಿಕೊಂಡರು. ಆ ಪದವೇ ಸುತ್ತಲಿನ ಜಾತ್ರೆಗಳಲ್ಲಿ ಹೆಚ್ಚು ಕೇಳಿಬಂದಿತು. ಅಂಗಡಿಯ ಮುಂದೆ ನಿಂತವರು ಕಾಲು ಕುಣಿಸಿದ್ದು ಆ ನಡೆಗೆ. ಹೊಗಳಿಕೆ ಹೋದದ್ದು ಭಾವಚಿತ್ರಕ್ಕೆ.

ಮುದ್ರಣ ಮುಗಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ದೊಡ್ಡ ಸ್ಟುಡಿಯೋಗಳಲ್ಲಿ ಅಗಲವಾದ ಟೇಪಿನ ಮೇಲೆ ಒಂದರ ಪಕ್ಕ ಒಂದರಂತೆ ಹಲವು ಪಟ್ಟಿಗಳಿರುತ್ತಿದ್ದವು: ತಬಲಾ ಒಂದರಲ್ಲಿ, ಕೊಳಲು ಒಂದರಲ್ಲಿ, ಕಂಠ ಒಂದರಲ್ಲಿ. ವಾದ್ಯಗಳನ್ನು ಮೊದಲು ಮುದ್ರಿಸಿ, ಗಾಯಕರು ಬಿಡುವಾದಾಗ ಬಂದು ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ಹಾಡಿ ಹೋಗಬಹುದಾಗಿತ್ತು. ಬಳಿಕ ಧ್ವನಿಮುದ್ರಕರು ಒಂದನ್ನು ಏರಿಸಿ, ಇನ್ನೊಂದನ್ನು ಇಳಿಸಿ, ದನಿಗೆ ಕೊಂಚ ಗುಂಗು ಕೂಡಿಸಿ ಎಲ್ಲವನ್ನೂ ಒಂದುಗೂಡಿಸುತ್ತಾರೆ. ಇದಕ್ಕೆ ಮಿಕ್ಸಿಂಗ್ ಎಂದು ಹೆಸರು. ಸಾರಿಗೆ ಉಪ್ಪು ಹದವಾಗಿದ್ದರೆ ಯಾರೂ ಉಪ್ಪಿನ ಮಾತೆತ್ತುವುದಿಲ್ಲ. ತಪ್ಪಿದಾಗ ಮಾತ್ರ ನೆನೆಯುತ್ತಾರೆ. ಧ್ವನಿಮುದ್ರಕರ ಪಾಡೂ ಅದೇ.

ನಮ್ಮ ನಾಡಿನಲ್ಲಿ ಈ ಬಗೆಯ ಕೆಲಸಕ್ಕೆ ಹೆಸರು ದೊರೆತ ಉದಾಹರಣೆಗಳೂ ಇವೆ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಪುಟ್ಟ ಕ್ಯಾಸೆಟ್ಟು ಹಾಡನ್ನು ಬಡವರ ಮನೆಗೂ ತಂದಿತು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದು, ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿಯೆಂದು ಪ್ರಸಿದ್ಧವಾಯಿತು. ಕವಿಯ ಹೆಸರು, ರಾಗ ಹಾಕಿದವರ ಹೆಸರು ಎರಡನ್ನೂ ಜನ ಒಟ್ಟಿಗೆ ನೆನೆಯುವ ರೂಢಿ ಭಾವಗೀತೆಯಿಂದ ಬೆಳೆಯಿತು. ಸಿ. ಅಶ್ವತ್ಥ್ ಅವರು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರಿಯ ಜೊತೆಗೆ ಸಂಗೀತ ನಡೆಸಿದವರು. ಚಿತ್ರಸಂಗೀತಕ್ಕೆ ಬಂದಾಗ ಅವರು ಪಿಟೀಲುವಾದಕ ಎಲ್. ವೈದ್ಯನಾಥನ್ ಅವರೊಡನೆ ಸೇರಿ 'ಅಶ್ವತ್ಥ್-ವೈದಿ' ಎಂಬ ಜೋಡಿ ಹೆಸರಿನಲ್ಲಿ ದುಡಿದರು. 1981ರ 'ಆಲೆಮನೆ' ಚಿತ್ರದ ಸಂಗೀತ ಈ ಇಬ್ಬರದು. ಅಶ್ವತ್ಥರ ಕಂಠ ಯಾರಿಗೆ ಗೊತ್ತಿಲ್ಲ? ಆದರೆ 'ಮಾಲ್ಗುಡಿ ಡೇಸ್' ಧಾರಾವಾಹಿಯ ರಾಗವನ್ನು ಗುನುಗುವವರಲ್ಲಿ, ಅದು ಇದೇ ವೈದ್ಯನಾಥನ್ನರದೆಂದು ಬಲ್ಲವರು ಎಷ್ಟು ಜನ?

ಕನ್ನಡ ಚಿತ್ರಗಳ ಹಾಡುಗಳು ಬಹುಕಾಲ ಮದ್ರಾಸಿನಲ್ಲಿಯೇ ಮುದ್ರಣವಾಗುತ್ತಿದ್ದವು. ಶಂಕರ್ ನಾಗ್ ಅವರು 1980ರ ದಶಕದಲ್ಲಿ ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೋ ಕಟ್ಟಿದ್ದು ಆ ಕೊರತೆಯನ್ನು ನೀಗಲೆಂದು. ಮದ್ರಾಸಿನ ಆ ದಿನಗಳಲ್ಲಿ ನಮ್ಮ ಜಿ. ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದ ತರುಣರೊಬ್ಬರು ಮುಂದೆ ಇಳಯರಾಜ ಎಂದು ಹೆಸರಾದರು. ಇಳಯರಾಜರ ವಾದ್ಯವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗ ಎ. ಆರ್. ರೆಹಮಾನ್ ಆದರು. ಹಿಂದಿನ ಸಾಲಿನಲ್ಲಿ ಕುಳಿತು ಬಂದವರಾದ್ದರಿಂದಲೋ ಏನೋ, ರೆಹಮಾನ್ ತಮ್ಮ ಸುರುಳಿಗಳ ಒಳಹಾಳೆಯಲ್ಲಿ ವಾದ್ಯಗಾರರ ಹೆಸರನ್ನೂ, ಎಚ್. ಶ್ರೀಧರ್ ಅವರಂಥ ಧ್ವನಿಮುದ್ರಕರ ಹೆಸರನ್ನೂ ಅಚ್ಚು ಹಾಕಿಸುವ ಪದ್ಧತಿ ಬೆಳೆಸಿದರು. ಹಿಂದಿಯಲ್ಲಿ ಇದಕ್ಕೂ ಸೊಗಸಾದ ಪ್ರಸಂಗವಿದೆ. 1977ರ 'ಅಮರ್ ಅಕ್ಬರ್ ಆಂಥೋನಿ' ಚಿತ್ರದ ಹಾಡೊಂದರಲ್ಲಿ ಬರುವ ಆಂಥೋನಿ ಗೋನ್ಸಾಲ್ವಿಸ್ ಎಂಬ ಹೆಸರು ಕಲ್ಪಿತವಲ್ಲ. ಅವರು ಗೋವೆಯ ಪಿಟೀಲುವಾದಕರು, ವಾದ್ಯಸಂಯೋಜಕರು, ಸಂಗೀತ ನಿರ್ದೇಶಕ ಪ್ಯಾರೇಲಾಲರ ಗುರುಗಳು. ಶಿಷ್ಯನು ಗುರುವಿನ ಹೆಸರನ್ನು ಹಾಡಿನೊಳಗೇ ಇಟ್ಟು ಉಳಿಸಿದ. ಅಮೆರಿಕದಲ್ಲಿ ಮೋಟೌನ್ ಕಂಪನಿಯ ಹಾಡುಗಳಿಗೆ ವರ್ಷಾನುಗಟ್ಟಲೆ ನುಡಿಸಿದ ವಾದ್ಯಗಾರರ ಹೆಸರು ತಟ್ಟೆಯ ಹೊದಿಕೆಯ ಮೇಲೆ ಬಂದದ್ದು 1971ರಲ್ಲಿ, ಮಾರ್ವಿನ್ ಗೇ ಅವರ ಸಂಪುಟದೊಡನೆ. ಅಂದಮೇಲೆ ಇದು ನಮ್ಮ ಸೀಮೆಯೊಂದರದೇ ಕಥೆಯಲ್ಲ.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಸೇರಿತು. ಗಾಯಕ, ವಾದ್ಯಗಾರ, ನರ್ತಕ, ಹಾವಾಡಿಗ ಕೂಡ ಪ್ರದರ್ಶಕರೆಂದು ಅಲ್ಲಿ ಹೇಳಿದೆ. 2012ರ ತಿದ್ದುಪಡಿ, ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಹೇಳಿಸಿಕೊಳ್ಳುವುದನ್ನು ಪ್ರದರ್ಶಕನ ನೈತಿಕ ಹಕ್ಕೆಂದು ಮನ್ನಿಸಿತು. ಯಂತ್ರದ ಮುಂದೆ ಕುಳಿತ ಧ್ವನಿಮುದ್ರಕ ಆ ಪಟ್ಟಿಯಲ್ಲಿಲ್ಲ. ಹಕ್ಕು ಪುಸ್ತಕದಲ್ಲಿದೆ, ಆದರೆ ಕೇಳುವವರು ಕೇಳದಿದ್ದರೆ ಅದು ಪುಸ್ತಕದಲ್ಲಿಯೇ ಉಳಿಯುತ್ತದೆ.

ಧ್ವನಿಸುರುಳಿ ತೆಗೆಯುವವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಕ್ಯಾಸೆಟ್ಟಿನ ಹಾಳೆ ಅಂಗೈಯಗಲದ್ದು. ಅದರಲ್ಲಿ ಭಾವಚಿತ್ರ, ಹಾಡುಗಳ ಪಟ್ಟಿ, ಬೆಲೆ ಎಲ್ಲವೂ ಹಿಡಿಸಬೇಕು. ಕೊಳ್ಳುವವನು ಮುಖ ನೋಡಿ ಕೊಳ್ಳುತ್ತಾನೆ. ಇದನ್ನು ಒಪ್ಪೋಣ. ಆದರೆ ಈಗ ಹಾಡು ಮೊಬೈಲಿನಲ್ಲಿದೆ. ಅಲ್ಲಿ ಹಾಳೆಯ ಅಡ್ಡಿಯಿಲ್ಲ. ನೂರು ಹೆಸರು ಬರೆದರೂ ಕಾಗದದ ಖರ್ಚಿಲ್ಲ. ಆದರೂ ನಾವು ಒಬ್ಬರಿಂದೊಬ್ಬರಿಗೆ ಕಳಿಸುವ ಎಷ್ಟೋ ಹಾಡುಗಳಿಗೆ ಗಾಯಕರ ಹೆಸರು ಸಹ ಇರುವುದಿಲ್ಲ. ಸುರುಳಿಯ ಕಾಲದಲ್ಲಿ ಕಡೆಗೆ "ಸಂಗಡಿಗರು" ಎಂಬ ಪದವಾದರೂ ಇತ್ತು. ಈಗ ಅದೂ ಹೋಯಿತು.

ಹೆಸರಿನಿಂದೇನು, ಹಣ ಬಂದರೆ ಸಾಲದೇ ಎಂದು ನಾನು ಕಾಕಾನನ್ನು ಕೇಳಿದ್ದೆ. ಅವರು ಸುರುಳಿಯ ಮಾತನ್ನು ಬಿಟ್ಟು, ಒಮ್ಮೆ ನಮ್ಮೂರ ಭಜನಾ ಮೇಳ ಕಲಬುರಗಿ ಆಕಾಶವಾಣಿಗೆ ಹೋಗಿದ್ದನ್ನು ಹೇಳಿದರು. ಹಾಡು ಮುಗಿದ ಮೇಲೆ ಬಾನುಲಿಯಲ್ಲಿ ಬಾರಿಸಿದವರ ಹೆಸರುಗಳನ್ನೂ ಓದಿದರು. ಅಂದು ನಮ್ಮ ಅಜ್ಜಿ ರೇಡಿಯೋದ ಮುಂದೆ ಕುಳಿತಿದ್ದಳು. "ರೊಕ್ಕ ಎಷ್ಟು ಕೊಟ್ರೋ ನೆನಪಿಲ್ಲ. ಅವ್ವ ನನ್ನ ಹೆಸರು ಕೇಳ್ಯಾಳ, ಅದು ನೆನಪದ" ಎಂದರು. ಬಸ್ಸಿನ ಗೆಳೆಯನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಕೊನೆಗೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷದ ಸ್ನೇಹಸಮ್ಮೇಳನದಲ್ಲಿ ನಿರೂಪಣೆ ನನ್ನ ಪಾಲಿಗೆ ಬಂದಿತ್ತು. ಭಾವಗೀತೆ ಹಾಡಿದ ಸಹಪಾಠಿಯ ಹೆಸರನ್ನು ಎರಡು ಸಲ ಹೇಳಿದೆ. ಹಾರ್ಮೋನಿಯಂ ಮತ್ತು ತಬಲಾದ ಗೆಳೆಯರನ್ನು "ಹಾಗೂ ಸಂಗಡಿಗರು" ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಕಾಕಾನ ಟ್ರಂಕು ತೆರೆದದ್ದು ಅದಾದ ಮೇಲೆ. ಆದ್ದರಿಂದ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ವಿನಂತಿ ಇಷ್ಟೇ: ನಮ್ಮ ಕಾಲೇಜಿನ ವೇದಿಕೆಯ ಮೇಲೆ ಇನ್ನು ಮುಂದೆ ಬಾರಿಸಿದವರ, ಮೈಕು ನೋಡಿಕೊಂಡವರ ಹೆಸರನ್ನೂ ಓದೋಣ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಬರುವ ನಾವು, ನಮ್ಮ ನಮ್ಮ ಊರಿನ ಭಜನಾ ಮೇಳದವರ ಹೆಸರುಗಳನ್ನು ಒಂದು ವಹಿಯಲ್ಲಿ ಬರೆದು ಕನ್ನಡ ವಿಭಾಗಕ್ಕೆ ಒಪ್ಪಿಸೋಣ. ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಈ ಲೇಖನದಲ್ಲಿ ಕಾಕಾನ ಹೆಸರೇ ಇಲ್ಲವಲ್ಲ ಎಂದು ವಾಚಕರು ಕೇಳಬಹುದು. ಬರೆಯುವೆನೆಂದು ನಾನು ಹೇಳಿದ್ದೆ, ಅವರೇ ಬೇಡವೆಂದರು. "ನನ್ನೊಬ್ಬಂದೇ ಹಾಕಿದ್ರ ಉಳಿದ ನಾಕು ಮಂದಿ ಮತ್ತ ಸಂಗಡಿಗರೇ ಆಗ್ತಾರ. ಬರದ್ರ ಎಲ್ಲಾರ್ದೂ ಬರಿ" ಎಂದರು. ಅಂದು ವಾದ್ಯ ನುಡಿಸಿದವರು ಐವರು. ನಾಲ್ವರ ಹೆಸರು ನನ್ನ ವಹಿಯಲ್ಲಿ ಬಂದಿದೆ. ಐದನೆಯವರು ಕೊಳಲಿನವರು, ಸ್ಟುಡಿಯೋದವರೇ ಕರೆಸಿದ್ದರು. ಎರಡು ತಾಸು ಊದಿ, ಇನ್ನೊಂದು ಮುದ್ರಣಕ್ಕೆ ಹೊತ್ತಾಯಿತೆಂದು ಹೊರಟುಹೋದರು. ಅವರ ಹೆಸರು ಕಾಕಾನಿಗೂ ನೆನಪಿಲ್ಲ. ಆ ಹೆಸರು ಸಿಗುವವರೆಗೆ ವಹಿಯಲ್ಲಿ ಒಂದು ಸಾಲು ಬಿಟ್ಟಿದ್ದೇನೆ.