ಜೊಂಡಿಗೆ ಕೈ ಹಾಕುವ ಮುಂಚೆ

ಕೆರೆ ಸ್ವಚ್ಛ ಮಾಡೋಕೆ ನೀವು ಹುಡುಗರೆಲ್ಲ ಹೊರಟಿದ್ದೀರಂತೆ, ಕೇಳಿ ಸಂತೋಷವಾಯಿತು ಕಣಪ್ಪ. ಬಾಣಾವರದಂಥ ಬಯಲುಸೀಮೆ ಊರಲ್ಲಿ ಕೆರೆಗೆ ನೀರು ಬರೋದೇ ದೊಡ್ಡದು. ಆದರೆ ಜೊಂಡು ಕೀಳುವ ಮುಂಚೆ ಒಂದು ಬೆಳಗ್ಗೆ ಏರಿ ಮೇಲೆ ಸುಮ್ಮನೆ ಕೂತು ನೋಡು.

ಗುಳುಮುಳುಕ ಅಂತ ಒಂದು ಹಕ್ಕಿ. ಬಾತಿನ ಮರಿ ಅಂದುಕೊಳ್ತಾರೆ ಜನ, ಬಾತಲ್ಲ ಅದು. ಗೇಣುದ್ದಕ್ಕಿಂತ ತುಸು ಹೆಚ್ಚು, ಬಾಲವೇ ಇಲ್ಲವೇನೋ ಅನ್ನುವಷ್ಟು ಗುಂಡಗಿನ ಮೈ, ಚೂಪು ಕೊಕ್ಕು. ಮರಿ ಮಾಡೋ ಕಾಲಕ್ಕೆ ಕೆನ್ನೆ, ಕತ್ತು ಕೆಂಪಗಾಗಿ ಕೊಕ್ಕಿನ ಬುಡದಲ್ಲಿ ಹಳದಿ ಚುಕ್ಕೆ ಎದ್ದು ಕಾಣುತ್ತೆ. ಉಳಿದ ದಿನ ಬರೀ ಮಾಸಲು ಕಂದು. ಕಾಲು ಮೈಯ ಹಿಂತುದಿಯಲ್ಲಿರೋದರಿಂದ ನೀರೊಳಗೆ ಬಲು ಚುರುಕು, ನೆಲದ ಮೇಲೆ ನಡೆಯೋಕೇ ಕಷ್ಟ. ಅದಕ್ಕೇ ಗೂಡನ್ನೂ ನೀರ ಮೇಲೇ ಕಟ್ಟುತ್ತೆ.

ಆ ಗೂಡಿನ ಬಗ್ಗೆಯೇ ನಾನು ಹೇಳಬೇಕಿರೋದು. ಕೊಳೆತ ಪಾಚಿ, ಜೊಂಡಿನ ತುಂಡು ಗುಡ್ಡೆ ಹಾಕಿ, ನಿಂತ ಜೊಂಡಿಗೆ ಸಿಕ್ಕಿಸಿ ತೇಲಬಿಟ್ಟಿರುತ್ತೆ. ನೀನು ಹತ್ತಿರ ಹೋದರೆ ಕಾವಿಗೆ ಕೂತ ಹಕ್ಕಿ ಸರಸರ ಸೊಪ್ಪೆಳೆದು ಮೊಟ್ಟೆ ಮುಚ್ಚಿ, ಸದ್ದಿಲ್ಲದೆ ಮುಳುಗಿಬಿಡುತ್ತೆ. ಇಟ್ಟಾಗ ಬೆಳ್ಳಗಿದ್ದ ಮೊಟ್ಟೆ ಆ ಕೊಳೆಯ ಬಣ್ಣ ಹಿಡಿದು ಕಂದಾಗಿರುತ್ತೆ. ನಿನ್ನ ಕಣ್ಣಿಗೆ ಕಾಣೋದು ಒಂದು ಹಿಡಿ ಕಸ. ಕೊಕ್ಕೆ ಹಾಕಿ ಎಳೆದು ದಡಕ್ಕೆಸೆದರೆ ಒಂದು ಸಂಸಾರವೇ ಹೋಯಿತು.

ಅಮೆರಿಕದ ಉತ್ತರದ ಸರೋವರಗಳಲ್ಲಿ ಲೂನ್ ಅಂತ ಇದಕ್ಕಿಂತ ಬಹಳ ದೊಡ್ಡ ಹಕ್ಕಿಯಿದೆ. ಕರಿ ತಲೆ, ಕೆಂಪು ಕಣ್ಣು, ಕರಿ ಬೆನ್ನಿನ ತುಂಬ ಬಿಳಿ ಚೌಕಳಿ. ಮಿನ್ನೆಸೋಟ 1961ರಲ್ಲಿ ಅದನ್ನು ರಾಜ್ಯಪಕ್ಷಿ ಮಾಡಿಕೊಂಡಿತು. ಗುಳುಮುಳುಕಕ್ಕೂ ಅದಕ್ಕೂ ಹತ್ತಿರದ ನಂಟಿಲ್ಲ, ಆದರೂ ಬದುಕು ಒಂದೇ ಥರ: ಅದೇ ಹಿಂದಿನ ಕಾಲು, ಅದೇ ಮುಳುಗಾಟ, ಮರಿಗಳನ್ನು ಬೆನ್ನ ಮೇಲೆ ಹೊತ್ತು ಈಜೋದು. ಗಾಳದ ಸೀಸದ ಗುಂಡು ನುಂಗಿ ಲೂನ್‌ಗಳು ಸಾಯೋದು ಗೊತ್ತಾದ ಮೇಲೆ ನ್ಯೂ ಹ್ಯಾಂಪ್‌ಶೈರ್‌ನಂಥ ರಾಜ್ಯಗಳು ಸಣ್ಣ ಗುಂಡುಗಳನ್ನೇ ನಿಷೇಧಿಸಿದವು. ಹಕ್ಕಿಗೋಸ್ಕರ ಜನ ತಮ್ಮ ರೂಢಿ ಬದಲಾಯಿಸಿಕೊಂಡರು, ಅದು ನನಗೆ ತುಂಬ ಹಿಡಿಸಿತು.

ಸೀಸಕ್ಕಿಂತ ನಮ್ಮಲ್ಲಿ ನನಗೆ ಭಯ ಹರಿದು ಬಿಟ್ಟ ನೈಲಾನ್ ಬಲೆಯದು. ಮುಳುಗಿದ ಹಕ್ಕಿ ಅದಕ್ಕೆ ಸಿಕ್ಕರೆ ಉಸಿರಿಗೆ ಮೇಲೆ ಬರಲಾರದು. ಮೊದಲು ಬಲೆ, ಬಾಟಲಿ, ಪ್ಲಾಸ್ಟಿಕ್ ತೆಗೆಯಿರಿ. ಜೊಂಡನ್ನು ಪೂರ್ತಿ ಬೋಳಿಸಬೇಡಿ, ಜನ ಓಡಾಡದ ಕಡೆ ಒಂದು ಪಟ್ಟಿ ಹಾಗೇ ಬಿಡಿ. ಗೂಡು ಕಂಡರೆ ಆ ಮಗ್ಗುಲಿಗೆ ತಿಂಗಳು ಹೋಗಬೇಡಿ. ಕಾವು ಮೂರು ವಾರದ್ದು, ಮೇಲೊಂದು ವಾರ ಇರಲಿ. ಫೋಟೊ ಬೇಕಾದರೆ ಏರಿ ಮೇಲಿಂದಲೇ ತೆಗಿ, ನೀರಿಗಿಳಿದು ಅಟ್ಟಬೇಡ. ಜೆಸಿಬಿ ತರಿಸೋದಿದ್ದರೆ ಬೇಸಿಗೆಯಲ್ಲಿ ನೀರು ಬತ್ತಲಿ. ಅಷ್ಟರಲ್ಲಿ ಇವು ರಾತ್ರಿ ಹೊತ್ತು ಹಾರಿ ಬೇರೆ ಕೆರೆ ಸೇರಿರುತ್ತವೆ.

ಬಲೆ ತೆಗೆಯೋ ದಿನ ಗೊತ್ತಾದರೆ ನನಗೂ ಹೇಳು. ಮೀನು ಹಿಡಿಯೋರ ಹತ್ತಿರ ನಾನು ಮುಂಚೆಯೇ ಮಾತಾಡಿರ್ತೀನಿ.