ಭಾಗಾಕಾರದ ಎರಡು ಗುಂಪುಗಳು: ಆನ್‌ಲೈನ್ ಅಭಿವೃದ್ಧಿ ಅಧ್ಯಯನದಿಂದ ಬೋಧನಾಭ್ಯಾಸಕ್ಕೆ ಬಂದ ಒಂದು ಪಾಠ

ಪೀಠಿಕೆ

ಬಿ.ಇಡಿ. ಜೊತೆಗೆ ನಾನು ಅಂತರರಾಷ್ಟ್ರೀಯ ಅಭಿವೃದ್ಧಿ ಎಂಬ ವಿಷಯವನ್ನು ಆನ್‌ಲೈನ್‌ನಲ್ಲಿ, ಸ್ನಾತಕೋತ್ತರ ಮಟ್ಟದಲ್ಲಿ, ಅರೆಕಾಲಿಕವಾಗಿ ಓದುತ್ತಿದ್ದೇನೆ. "ಗಣಿತ ಕಲಿಸೋಳಿಗೆ ಬಡತನದ ಪಾಠ ಯಾಕೆ?" ಎಂದು ಹಾಸ್ಟೆಲಿನ ಗೆಳತಿಯರು ಕೇಳುತ್ತಿರುತ್ತಾರೆ. ಶಾಲಾ ಇಂಟರ್ನ್‌ಶಿಪ್ ಮುಗಿಯುವವರೆಗೆ ನನ್ನ ಬಳಿಯೂ ಸರಿಯಾದ ಉತ್ತರವಿರಲಿಲ್ಲ. 8ನೇ ತರಗತಿಯಲ್ಲಿ ನಾನು ಕೈಗೊಂಡ ಒಂದು ಚಿಕ್ಕ ಕ್ರಿಯಾ ಸಂಶೋಧನೆಯ ಮೂಲಕ ಆ ಉತ್ತರವನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ. ಅದರಲ್ಲಿ ನಾನು ಮಾಡಿದ ತಪ್ಪನ್ನೂ ಬರೆದಿದ್ದೇನೆ.

ಕೋರ್ಸಿನ ಸ್ವರೂಪ

ನಾನು ಓದುತ್ತಿರುವುದು ಅಮೆರಿಕದ ಎಂ.ಐ.ಟಿ. ಸಂಸ್ಥೆ 2017ರಲ್ಲಿ ಆರಂಭಿಸಿದ ಮೈಕ್ರೋಮಾಸ್ಟರ್ಸ್ ಕಾರ್ಯಕ್ರಮ. ಜಾಗತಿಕ ಬಡತನ, ಸೂಕ್ಷ್ಮ ಅರ್ಥಶಾಸ್ತ್ರ, ದತ್ತಾಂಶ ವಿಶ್ಲೇಷಣೆ ಮುಂತಾದ ಕೋರ್ಸುಗಳು ಇದರಲ್ಲಿವೆ. ಬಡತನದ ಕೋರ್ಸಿನ ಪಾಠಗಳನ್ನು ಮಾಡಿರುವವರು ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ. ಮೈಕೆಲ್ ಕ್ರೆಮರ್ ಅವರೊಂದಿಗೆ ಇವರಿಬ್ಬರಿಗೂ 2019ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತಿದೆ. ವಿಡಿಯೊ ಪಾಠಗಳನ್ನು ಉಚಿತವಾಗಿ ನೋಡಬಹುದು. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು; ಆ ಶುಲ್ಕ ಕಲಿಯುವವರ ಆದಾಯಕ್ಕೆ ತಕ್ಕಂತೆ ಇರುತ್ತದೆ.

ಪ್ರತಿ ವಾರ ಕೆಲವು ವಿಡಿಯೊ, ನಡುನಡುವೆ ಚಿಕ್ಕ ಪ್ರಶ್ನೆಗಳು, ಕೊನೆಗೆ ಒಂದು ಮನೆಗೆಲಸ. ನನಗೆ ವಾರಕ್ಕೆ ಹತ್ತು ಗಂಟೆ ಬೇಕಾಗುತ್ತಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದವಳಾದ್ದರಿಂದ ಮೊದಲ ಸಲ ವಿಡಿಯೊ ನೋಡಿದಾಗ ಅರ್ಧ ಮಾತ್ರ ತಿಳಿಯುತ್ತಿತ್ತು. ಎರಡನೇ ಸಲ ಕೆಳಗಿನ ಅಕ್ಷರಗಳನ್ನು ಓದುತ್ತಾ, ಅಲ್ಲಲ್ಲಿ ನಿಲ್ಲಿಸಿ, ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಈ ಕಷ್ಟಕ್ಕೂ ಮುಂದೆ ಹೇಳುವುದಕ್ಕೂ ಸಂಬಂಧವಿದೆ.

ಸಮಸ್ಯೆ ಕಂಡ ಬಗೆ

ಇಂಟರ್ನ್‌ಶಿಪ್‌ನಲ್ಲಿ ನನಗೆ ಸಿಕ್ಕಿದ್ದು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆ. 8ನೇ ತರಗತಿಯಲ್ಲಿ 38 ಮಕ್ಕಳು. ವಿಷಯ: ಒಂದು ಚರಾಕ್ಷರವುಳ್ಳ ರೇಖಾತ್ಮಕ ಸಮೀಕರಣಗಳು. ತಕ್ಕಡಿಯ ಮಾದರಿ ಮಾಡಿಕೊಂಡು ಹೋಗಿದ್ದೆ. ಪಾಠ ವೀಕ್ಷಿಸಿದ ನಮ್ಮ ಉಪನ್ಯಾಸಕಿಯವರು "ಬೋಧನೋಪಕರಣದ ಬಳಕೆ ಉತ್ತಮ, ಕಪ್ಪುಹಲಗೆ ಕೆಲಸ ಅಚ್ಚುಕಟ್ಟು" ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದರು. ಕೆಳಗೆ ಇನ್ನೊಂದು ಸಾಲೂ ಇತ್ತು: "ಉತ್ತರಿಸಿದವರು ಐದೇ ಮಕ್ಕಳು. ಗಮನಿಸಿ."

ಮರುದಿನ 6x − 12 = 72 ಎಂಬ ಸಮೀಕರಣವನ್ನು ಎಲ್ಲರಿಗೂ ಕೊಟ್ಟು ನೋಟ್‌ಬುಕ್‌ಗಳನ್ನು ನೋಡಿದೆ. ಬಹಳಷ್ಟು ಮಕ್ಕಳು 6x = 84 ಎಂಬಲ್ಲಿಗೆ ಸರಿಯಾಗಿಯೇ ಬಂದಿದ್ದರು; ಅಲ್ಲಿಗೇ ನಿಂತಿದ್ದರು. ಅವರಿಗೆ ಬಾರದಿದ್ದದ್ದು ಸಮೀಕರಣವಲ್ಲ, 84ನ್ನು 6ರಿಂದ ಭಾಗಿಸುವುದು. ನನ್ನ ತಕ್ಕಡಿ ಅವರಿಗೆ ಯಾವ ಸಹಾಯವನ್ನೂ ಮಾಡುವಂತಿರಲಿಲ್ಲ.

ಆ ವಾರದ ಕೋರ್ಸಿನ ವಿಷಯ ಶಿಕ್ಷಣವಾಗಿತ್ತು. ಪಶ್ಚಿಮ ಕೀನ್ಯಾದ ಗ್ರಾಮೀಣ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟು, ಕೊಡದ ಶಾಲೆಗಳೊಂದಿಗೆ ಹೋಲಿಸಿದ ಅಧ್ಯಯನವೊಂದನ್ನು ಅಲ್ಲಿ ವಿವರಿಸಿದ್ದರು. ಪುಸ್ತಕ ಕೊಟ್ಟದ್ದರಿಂದ ಸರಾಸರಿ ಅಂಕ ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ. ಅಲ್ಲಿನ ಅನೇಕ ಮಕ್ಕಳಿಗೆ ಅದು ಮೂರನೆಯ ಭಾಷೆ. ಇಂಗ್ಲಿಷ್ ವಿಡಿಯೊವನ್ನು ಎರಡೆರಡು ಸಲ ನೋಡುತ್ತಿದ್ದ ನನಗೆ ಆ ಮಕ್ಕಳ ಪಾಡು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ನನ್ನ ತರಗತಿಯಲ್ಲಿ ನಾನೇ ಆ ಪಠ್ಯಪುಸ್ತಕದಂತೆ ಇದ್ದೆ ಎಂಬುದು ಅಂದು ರಾತ್ರಿ ಹೊಳೆಯಿತು. ಐದು ಮಕ್ಕಳಿಗೆ ಪಾಠ ಮಾಡಿ, 38 ಮಕ್ಕಳಿಗೆ ಮಾಡಿದೆ ಎಂದುಕೊಂಡಿದ್ದೆ.

ನೈದಾನಿಕ ಪರೀಕ್ಷೆ

ಮೂರು ಅಂಕಿಯ ಸಂಖ್ಯೆಯನ್ನು ಒಂದು ಅಂಕಿಯಿಂದ ಭಾಗಿಸುವ ನಾಲ್ಕು ಲೆಕ್ಕಗಳನ್ನು ಕೊಟ್ಟೆ. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಅಂಕಗಣಿತ ಪರೀಕ್ಷೆಯಲ್ಲಿ ಇದೇ ಕೊನೆಯ ಮಟ್ಟ. ನಾಲ್ಕರಲ್ಲಿ ಮೂರು ಸರಿ ಮಾಡದವರು 16 ಮಕ್ಕಳು. ಅವರ ತಪ್ಪುಗಳಲ್ಲಿ ಹೆಚ್ಚು ಕಂಡದ್ದು ಇದು: 742 ÷ 7 = 16. ಏಳೊಂದ್ಲ ಏಳು, ಮುಂದೆ 4ರಲ್ಲಿ 7 ಹೋಗುವುದಿಲ್ಲ, ಆದ್ದರಿಂದ 2ನ್ನೂ ಇಳಿಸಿಕೊಂಡು ಏಳಾರ್ಲ ನಲವತ್ತೆರಡು. ಭಾಗಲಬ್ಧದ ನಡುವೆ ಬರಬೇಕಾದ ಸೊನ್ನೆ ಮಾಯವಾಗಿತ್ತು.

ಪರಿಹಾರ ಬೋಧನೆ ಮಾಡಬೇಕೆಂಬುದು ಸ್ಪಷ್ಟವಾಯಿತು. ಇದು ಹೊಸ ವಿಚಾರವೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯ ಕಲಿಕಾ ಏಣಿಯ ಹಿಂದೆ ಇರುವುದೂ ಮಗು ಇರುವ ಮೆಟ್ಟಿಲಿನಿಂದ ಆರಂಭಿಸಬೇಕೆಂಬ ಇದೇ ವಿಚಾರ. ವರ್ಷಾರಂಭದ ಸೇತುಬಂಧದ ಉದ್ದೇಶವೂ ಇದೇ. ಕೋರ್ಸಿನಿಂದ ಹೊಸದಾಗಿ ಬಂದದ್ದು ಬೇರೊಂದು ಪ್ರಶ್ನೆ: ಮಕ್ಕಳು ಕಲಿತರೆ, ನನ್ನ ಪರಿಹಾರ ಬೋಧನೆಯಿಂದಲೇ ಕಲಿತರೆಂದು ಹೇಗೆ ಹೇಳುವುದು? ಬೋಧನೆಗೆ ಮುಂಚೆ ಒಂದು ಪರೀಕ್ಷೆ, ಅನಂತರ ಒಂದು ಪರೀಕ್ಷೆ ಕೊಟ್ಟು, ಅಂಕ ಏರಿದರೆ ಯಶಸ್ಸು ಎಂದು ನಮ್ಮ ಕ್ರಿಯಾ ಸಂಶೋಧನೆಯ ವರದಿಗಳಲ್ಲಿ ಬರೆಯುತ್ತೇವೆ. ನಾವು ಏನೂ ಮಾಡದಿದ್ದರೂ ಆ ಎರಡು ವಾರಗಳಲ್ಲಿ ಏನಾಗುತ್ತಿತ್ತು ಎಂದು ಕೇಳುವುದಿಲ್ಲ.

ಎರಡು ಗುಂಪು, ಒಂದು ಪ್ರಶ್ನೆ

ಹೋಲಿಸಬೇಕಾದರೆ ಕೆಲವರನ್ನು ಬಿಡಬೇಕು. ಕಲಿಯದ ಮಕ್ಕಳನ್ನು ಬೇಕೆಂದೇ ಬಿಡುವುದು ಶಿಕ್ಷಕರ ಕೆಲಸವೇ? ಇದಕ್ಕೆ ಕೋರ್ಸಿನಲ್ಲಿ ಎರಡು ಉದಾಹರಣೆ ಸಿಕ್ಕವು. ಕೀನ್ಯಾದ ಬುಸಿಯಾದಲ್ಲಿ ಮಕ್ಕಳಿಗೆ ಜಂತುಹುಳು ಮಾತ್ರೆ ಕೊಡುವಾಗ 75 ಶಾಲೆಗಳನ್ನು ಮೂರು ಗುಂಪು ಮಾಡಿ 1998, 1999 ಮತ್ತು 2001ರಲ್ಲಿ ಒಂದೊಂದು ಗುಂಪಿಗೆ ಆರಂಭಿಸಿದರು. ಎಲ್ಲರಿಗೂ ಸಿಕ್ಕಿತು, ಸರದಿಯಲ್ಲಿ ಸಿಕ್ಕಿತು. ವಡೋದರಾದ ಶಾಲೆಗಳಲ್ಲಿ ಹಿಂದುಳಿದ ಮಕ್ಕಳಿಗೆ ಕಲಿಸಲು 'ಬಾಲಸಖಿ' ಎಂಬ ಸ್ಥಳೀಯ ಯುವತಿಯರನ್ನು ನೇಮಿಸಿದಾಗ ಕೆಲವು ಶಾಲೆಗಳಲ್ಲಿ 3ನೇ ತರಗತಿಗೆ, ಉಳಿದವುಗಳಲ್ಲಿ 4ನೇ ತರಗತಿಗೆ ಕೊಟ್ಟು ಹೋಲಿಸಿದರು.

ನಾನೂ ಸರದಿಯ ದಾರಿ ಹಿಡಿದೆ. ಮುಖ್ಯ ಶಿಕ್ಷಕರ ಅನುಮತಿ ಪಡೆದು, 16 ಹೆಸರುಗಳ ಚೀಟಿ ಎತ್ತಿ ಎಂಟೆಂಟು ಮಕ್ಕಳ ಎರಡು ಗುಂಪು ಮಾಡಿದೆ. ಮೊದಲ ಗುಂಪಿಗೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆಯಂತೆ ಹತ್ತು ದಿನ. ಅನಂತರ ಎರಡನೇ ಗುಂಪಿಗೆ ಹತ್ತು ದಿನ.

ಎರಡನೇ ದಿನವೇ ಎರಡನೇ ಗುಂಪಿನ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಕೇಳಿದಳು: "ಮಿಸ್, ನಂಗೂ ಬರಲ್ಲ ಅಲ್ವಾ? ಮತ್ತೆ ನನ್ನ ಯಾಕೆ ಬಿಟ್ರಿ?"

ಚೀಟಿಗಳನ್ನು ಇಟ್ಟಿದ್ದ ಡಬ್ಬಿ ತೋರಿಸಿ, ಯಾರನ್ನೂ ಆರಿಸಿಲ್ಲ, ಇನ್ನೆರಡು ವಾರಕ್ಕೆ ನಿನ್ನ ಸರದಿ ಎಂದೆ. "ಖಂಡಿತಾನಾ?" ಎಂದಳು. ಖಂಡಿತ ಎಂದೆ. ಅಲ್ಲೇ ಇದ್ದ ಶಾಲೆಯ ಗಣಿತ ಶಿಕ್ಷಕರು ನಕ್ಕು, "ಮುಂದಿನ ತಿಂಗಳ ಕ್ಯಾಲೆಂಡರ್ ನೋಡಿದ್ದೀರಾ ಮೇಡಂ?" ಎಂದರು. ನಾನು ನೋಡಿರಲಿಲ್ಲ.

ಬೋಧನೆಯ ವಿಧಾನ

ಮೊದಲ ದಿನ ಹುಣಸೆ ಬೀಜ ತಂದಿದ್ದೆ. "ನಾವೇನು ನಲಿಕಲಿ ಮಕ್ಕಳಾ ಮಿಸ್?" ಎಂದು ಹುಡುಗರು ಮುಖ ತಿರುಗಿಸಿದರು. ಮರುದಿನ ಬೀಜ ಬಿಟ್ಟು ಕಾಗದದ ನೋಟುಗಳನ್ನು ಮಾಡಿಕೊಂಡು ಹೋದೆ: ನೂರರವು, ಹತ್ತರವು, ಒಂದರವು. ಆ ಊರಿನ ಹಲವು ಮನೆಗಳು ಡೈರಿಗೆ ಹಾಲು ಹಾಕುತ್ತವೆ. ಏಳು ದಿನದ ಹಾಲಿಗೆ 742 ರೂಪಾಯಿ ಬಂದರೆ ದಿನಕ್ಕೆಷ್ಟು?

"ಹದಿನಾರು" ಎಂದ ಒಬ್ಬ. ದಿನಕ್ಕೆ ಹದಿನಾರರಂತೆ ಏಳು ದಿನಕ್ಕೆ ಎಷ್ಟಾಯಿತು ಎಂದು ಕೇಳಿದೆ. ನೂರಾ ಹನ್ನೆರಡು ಎಂದು ಬಾಯಲ್ಲೇ ಹೇಳಿದವನು, "ಅಯ್ಯೋ, ಉಳಿದದ್ದೆಲ್ಲಿ ಹೋಯ್ತು?" ಎಂದು ತಾನೇ ಬೆಚ್ಚಿದ. ಆಗ ನೋಟು ಹಂಚಿದೆವು. ಏಳು ನೂರರ ನೋಟು, ಏಳು ದಿನಕ್ಕೆ ಒಂದೊಂದು. ನಾಲ್ಕು ಹತ್ತರ ನೋಟು, ಏಳು ದಿನಕ್ಕೆ ಹಂಚಲಾಗದು. ಪ್ರತಿ ದಿನಕ್ಕೂ ಹತ್ತರ ನೋಟು ಸೊನ್ನೆ. ಆ ಸೊನ್ನೆಯನ್ನು ಬರೆದೇ ಮುಂದೆ ಹೋಗಬೇಕು. ನಾಲ್ಕು ಹತ್ತನ್ನು ಚಿಲ್ಲರೆ ಮಾಡಿದರೆ ನಲವತ್ತು; ಕೈಯಲ್ಲಿದ್ದ ಎರಡು ಸೇರಿ ನಲವತ್ತೆರಡು; ದಿನಕ್ಕೆ ಆರು. ಉತ್ತರ 106. ಪ್ರತಿ ಲೆಕ್ಕದ ಕೊನೆಯಲ್ಲಿ ಗುಣಿಸಿ ತಾಳೆ ನೋಡುವುದನ್ನು ಕಡ್ಡಾಯ ಮಾಡಿದೆ.

ಕಂಡುಬಂದ ಫಲಿತಾಂಶ

ಹತ್ತು ದಿನಗಳ ನಂತರ ಹೊಸ ಲೆಕ್ಕಗಳ ಪರೀಕ್ಷೆಯನ್ನು ಎರಡೂ ಗುಂಪಿಗೆ ಒಟ್ಟಿಗೆ ಕೊಟ್ಟೆ. ಮೊದಲ ಗುಂಪಿನ ಎಂಟರಲ್ಲಿ ಆರು ಮಕ್ಕಳು ಮೂರು ಅಥವಾ ಹೆಚ್ಚು ಲೆಕ್ಕ ಸರಿ ಮಾಡಿದ್ದರು. ಒಂದೇ ಗುಂಪು ಇದ್ದಿದ್ದರೆ "ಪರಿಹಾರ ಬೋಧನೆ ಶೇ. 75ರಷ್ಟು ಯಶಸ್ವಿ" ಎಂದು ಬರೆದು ಮುಗಿಸುತ್ತಿದ್ದೆ. ಆದರೆ ನಾನು ಏನೂ ಕಲಿಸದ ಎರಡನೇ ಗುಂಪಿನಲ್ಲೂ ಮೂವರು ಸರಿ ಮಾಡಿದ್ದರು! ಆ ಅವಧಿಯಲ್ಲಿ ಗಣಿತ ಶಿಕ್ಷಕರು ದಿನವೂ ಮಗ್ಗಿ ಹೇಳಿಸುತ್ತಿದ್ದರು. ಮೊದಲ ಗುಂಪಿನ ಮಕ್ಕಳು ಪಕ್ಕದವರಿಗೆ ಕಾಗದದ ನೋಟು ತೋರಿಸಿದ್ದೂ ಉಂಟು.

ಹಾಗಾದರೆ ಆರಕ್ಕೂ ಮೂರಕ್ಕೂ ಇರುವ ಅಂತರವಾದರೂ ನನ್ನದೇ? ನಮ್ಮ ಬಿ.ಎಸ್ಸಿ.ಯ ವಿಕಲ್ಪಗಳ ಲೆಕ್ಕ ಇಲ್ಲಿ ಸಾಕು. ನನ್ನ ಬೋಧನೆಯಿಂದ ಯಾವ ಪರಿಣಾಮವೂ ಆಗಿಲ್ಲ, ಕಲಿತ 9 ಮಕ್ಕಳು ಹೇಗಿದ್ದರೂ ಕಲಿಯುತ್ತಿದ್ದರು ಎಂದು ಭಾವಿಸೋಣ. 16 ಮಕ್ಕಳಿಂದ 8 ಮಂದಿಯ ಮೊದಲ ಗುಂಪನ್ನು 12,870 ರೀತಿಗಳಲ್ಲಿ ಆರಿಸಬಹುದು. ಅವುಗಳಲ್ಲಿ ಆ 9ರ ಪೈಕಿ ಆರು ಅಥವಾ ಹೆಚ್ಚು ಮಕ್ಕಳು ಮೊದಲ ಗುಂಪಿಗೇ ಬೀಳುವ ರೀತಿಗಳು 2,025. ಅಂದರೆ ಸುಮಾರು ಶೇ. 16. ಬೋಧನೆ ವ್ಯರ್ಥವಾಗಿದ್ದರೂ ಆರು ಸಲ ಚೀಟಿ ಎತ್ತಿದರೆ ಹೆಚ್ಚುಕಡಿಮೆ ಒಂದು ಸಲ ಇಂಥ ಫಲಿತಾಂಶ ಬರಬಹುದಿತ್ತು. ಆದ್ದರಿಂದ ನನ್ನ ಬೋಧನೆ ಫಲ ಕೊಟ್ಟಿರಬಹುದು ಎನ್ನಬಲ್ಲೆ. ಕೊಟ್ಟಿತು ಎಂದು ಸಾಧಿಸಲಾರೆ.

ನನ್ನ ತಪ್ಪು

ಎರಡನೇ ಗುಂಪಿನ ಸರದಿ ಬಂದಾಗ ವಲಯ ಮಟ್ಟದ ಕ್ರೀಡಾಕೂಟ ಶುರುವಾಯಿತು. ಹತ್ತು ದಿನಗಳಲ್ಲಿ ಸಿಕ್ಕಿದ್ದು ಆರು. ಅಷ್ಟರಲ್ಲಿ ಇಂಟರ್ನ್‌ಶಿಪ್ ಮುಗಿಯಿತು. ಹುಡುಗಿಗೆ ಖಂಡಿತ ಎಂದಿದ್ದ ಮಾತು ಅರ್ಧಕ್ಕೆ ನಿಂತಿತು. ಸರದಿಯ ಯೋಜನೆ ನ್ಯಾಯವಾಗುವುದು ಕೊನೆಯ ಸರದಿಯವರಿಗೂ ಪೂರ್ತಿ ಸಿಕ್ಕಾಗ ಮಾತ್ರ. ಅದನ್ನು ನಾನು ಕೋರ್ಸಿನಲ್ಲಿ ಓದಿದ್ದೆ, ಶಾಲೆಯ ಕ್ಯಾಲೆಂಡರ್‌ನೊಂದಿಗೆ ಹೋಲಿಸಿ ನೋಡಿರಲಿಲ್ಲ.

ಮುಖ್ಯ ಶಿಕ್ಷಕರನ್ನು ಕೇಳಿಕೊಂಡು ಮುಂದಿನ ಮೂರು ಶನಿವಾರ ಬೆಳಿಗ್ಗೆ ಮತ್ತೆ ಹೋದೆ. ಶನಿವಾರವೇ ನನ್ನ ಆನ್‌ಲೈನ್ ಮನೆಗೆಲಸ ಬರೆಯುವ ದಿನ. ಒಂದು ವಾರದ್ದನ್ನು ಸಮಯಕ್ಕೆ ಕಳಿಸಲಾಗದೆ ಅದರ ಅಂಕಗಳು ಹೋದವು. ಬಡತನದ ಬಗ್ಗೆ ಬರೆಯುವುದೋ, ಎಂಟು ಮಕ್ಕಳ ಭಾಗಾಕಾರವೋ ಎಂದು ಆ ಶುಕ್ರವಾರ ರಾತ್ರಿ ಯೋಚಿಸಿದ್ದು ನಿಜ. ಮೂರನೇ ಶನಿವಾರದ ಪರೀಕ್ಷೆಯಲ್ಲಿ ಎರಡನೇ ಗುಂಪಿನ ಆರು ಮಕ್ಕಳು ಸರಿ ಮಾಡಿದರು. ಪ್ರಶ್ನೆ ಕೇಳಿದ ಹುಡುಗಿ ಆ ಆರರಲ್ಲಿ ಒಬ್ಬಳು. ಅದೇ ದಿನ ಮೊದಲ ಗುಂಪನ್ನೂ ಪರೀಕ್ಷಿಸಿದಾಗ ಆರು ಐದಾಗಿತ್ತು. ಬಾಲಸಖಿ ಅಧ್ಯಯನದಲ್ಲೂ ಕಾರ್ಯಕ್ರಮ ಮುಗಿದ ಒಂದು ವರ್ಷದ ಬಳಿಕ ಲಾಭ ಬಹಳ ಕುಗ್ಗಿತ್ತು. ಕಲಿತದ್ದನ್ನು ಉಳಿಸುವುದು ಮತ್ತೊಂದು ಕೆಲಸ. ಅದನ್ನು ಶಾಲೆಯ ಗಣಿತ ಶಿಕ್ಷಕರಿಗೆ ಮಕ್ಕಳ ಪಟ್ಟಿಯೊಂದಿಗೆ ಒಪ್ಪಿಸಿ ಬಂದಿದ್ದೇನೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು

1. ಹೊಸ ಘಟಕ ಆರಂಭಿಸುವ ಮುನ್ನ, ಆ ಘಟಕದ ಕೊನೆಯ ಹೆಜ್ಜೆಗೆ ಬೇಕಾದ ಮೂಲಕ್ರಿಯೆ ಮಕ್ಕಳಿಗೆ ಬರುತ್ತದೆಯೇ ಎಂದು ನಾಲ್ಕು ಲೆಕ್ಕದಲ್ಲಿ ನೋಡಿಕೊಳ್ಳಿ. ಹತ್ತು ನಿಮಿಷ ಸಾಕು.

2. ಕ್ರಿಯಾ ಸಂಶೋಧನೆಯಲ್ಲಿ ಸಾಧ್ಯವಾದಲ್ಲಿ ಸರದಿಯ ಎರಡು ಗುಂಪು ಮಾಡಿ. ಚೀಟಿ ಎತ್ತುವುದನ್ನು ಮಕ್ಕಳೆದುರೇ ಮಾಡಿ. ಎರಡನೇ ಗುಂಪಿನ ದಿನಗಳನ್ನು ಶಾಲಾ ಕ್ಯಾಲೆಂಡರ್ ನೋಡಿ ಮೊದಲು ಗುರುತು ಹಾಕಿ, ಅನಂತರ ಮಾತು ಕೊಡಿ.

3. ಆನ್‌ಲೈನ್ ಸ್ನಾತಕೋತ್ತರ ಓದಿಗೆ ಮನಸ್ಸಿರುವವರು ಮೊದಲು ಒಂದು ಕೋರ್ಸಿನ ಎರಡು ವಾರದ ಪಾಠಗಳನ್ನು ಉಚಿತವಾಗಿ ನೋಡಿ ಶುಲ್ಕದ ಯೋಚನೆ ಮಾಡಿ. ವೀಕ್ಷಣಾ ಪಾಠಗಳಿರುವ ವಾರ ಹೊಸ ಕೋರ್ಸ್ ಹಿಡಿಯಬೇಡಿ. ಟಿಪ್ಪಣಿಯನ್ನು ಕನ್ನಡದಲ್ಲೇ ಮಾಡಿಕೊಳ್ಳಿ; ಕನ್ನಡದಲ್ಲಿ ಹೇಳಲು ಬರದಿದ್ದರೆ ಇನ್ನೊಮ್ಮೆ ವಿಡಿಯೊ ನೋಡಬೇಕೆಂದು ಅರ್ಥ.

ಗೆಳತಿಯರ ಪ್ರಶ್ನೆಗೆ ಈಗ ಇಷ್ಟು ಹೇಳಬಲ್ಲೆ. ನಾನು ಬಡತನದ ಪಾಠ ಓದದೇ ಇದ್ದಿದ್ದರೆ ಆರು ಮಕ್ಕಳ ಫಲಿತಾಂಶವನ್ನು ನನ್ನ ಯಶಸ್ಸೆಂದು ಬರೆದು, ಆ ಮೂವರನ್ನು ನೋಡದೆಯೇ ಶಾಲೆಯಿಂದ ಹೊರಟುಬಿಡುತ್ತಿದ್ದೆ. ಇನ್ನೂ ಭಾಗಾಕಾರ ಬಾರದ ಮಕ್ಕಳು ಆ ತರಗತಿಯಲ್ಲಿದ್ದಾರೆ. ಮುಂದಿನ ಇಂಟರ್ನ್‌ಶಿಪ್‌ಗೆ ಅದೇ ಶಾಲೆಯನ್ನು ಕೊಡಿರೆಂದು ಕಾಲೇಜಿಗೆ ಅರ್ಜಿ ಬರೆದಿದ್ದೇನೆ.