ಎಚ್-ಇಂಡೆಕ್ಸ್ ಅಂದ್ರೆ ಏನು? ಎಕ್ಸೆಲ್ ಶೀಟ್ ನಂಬಿ ಮೋಸಹೋದ ಮೂವರ ಪಾಠ

ನಾವು ಮೂವರು. ಒಬ್ಬ ಆಳಂದದವ, ಒಬ್ಬ ಅಫಜಲಪುರದವ, ಒಬ್ಬಳು ಜೇವರ್ಗಿಯವಳು. ಈ ರಜೆಯಲ್ಲಿ ಮೆದುಳಿನ ಬಗ್ಗೆ ಸಂಶೋಧನೆ ಮಾಡೋ ಯಾವುದಾದರೂ ಲ್ಯಾಬ್‌ನಲ್ಲಿ ಇಂಟರ್ನ್‌ಶಿಪ್ ಮಾಡಬೇಕು ಅನ್ನೋದು ಜೇವರ್ಗಿಯವಳ ಆಸೆ. ಹನ್ನೆರಡು ಪ್ರೊಫೆಸರ್‌ಗಳ ಹೆಸರು ಸಿಕ್ಕವು. ಎಲ್ಲರಿಗೂ ಒಂದೇ ಮೇಲ್ ಕಳಿಸಿದರೆ ಯಾರೂ ಓದಲ್ಲ ಅಂತ ಸೀನಿಯರ್‌ಗಳು ಹೇಳಿದ್ದರಿಂದ, ಮೂವರನ್ನು ಮಾತ್ರ ಆರಿಸಬೇಕಿತ್ತು. ಇಂಜಿನಿಯರಿಂಗ್ ಓದೋರು ಏನು ಮಾಡ್ತಾರೆ? ಎಕ್ಸೆಲ್ ತೆರೀತಾರೆ. ಎಲ್ಲರ ಎಚ್-ಇಂಡೆಕ್ಸ್ ಬರೆದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆವು. ಹತ್ತು ನಿಮಿಷದ ಕೆಲಸ. ಅದು ಎಷ್ಟು ತಪ್ಪು ಅಂತ ಗೊತ್ತಾಗೋಕೆ ಎರಡು ವಾರ ಹಿಡೀತು.

ಮೊದಲು ಬೇಸಿಕ್ಸ್. ನಿಮ್ಮ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಆಧಾರವಾಗಿ ಹೆಸರಿಸಿದರೆ ನಿಮಗೆ ಒಂದು ಸೈಟೇಶನ್. ಇಂಥ ಎಣಿಕೆಯೆಲ್ಲ ಅಮೆರಿಕದ್ದು ಅಂದ್ಕೊಂಡಿದ್ದೆವು. ಆದರೆ ಗ್ರಂಥಾಲಯದ ಕೆಲಸಕ್ಕೆ ಅಂಕಿಅಂಶ ಬಳಸಬೇಕು ಅಂತ 1948ರಲ್ಲೇ ಹೇಳಿ, ಅದಕ್ಕೆ ಲೈಬ್ರಮೆಟ್ರಿ ಅಂತ ಹೆಸರಿಟ್ಟವರು ನಮ್ಮ ಎಸ್. ಆರ್. ರಂಗನಾಥನ್. 1962ರಲ್ಲಿ ಬೆಂಗಳೂರಿನ ಡಿಆರ್‌ಟಿಸಿ ಶುರು ಮಾಡಿದವರೂ ಅವರೇ. 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಸೈನ್ಸ್ ಸೈಟೇಶನ್ ಇಂಡೆಕ್ಸ್ ತಂದರು. ಎಚ್-ಇಂಡೆಕ್ಸ್ ಬಂದಿದ್ದು 2005ರಲ್ಲಿ. ಅದನ್ನು ಕೊಟ್ಟವರು ಹಿರ್ಶ್ ಅನ್ನೋ ಭೌತಶಾಸ್ತ್ರಜ್ಞ.

ಲೆಕ್ಕ ಸುಲಭ. ಶಾಲೆಯ ಪ್ರೇಯರ್‌ನಲ್ಲಿ ಎತ್ತರದ ಪ್ರಕಾರ ನಿಲ್ಲಿಸ್ತಿದ್ದರಲ್ಲ, ಹಾಗೇ ಪೇಪರ್‌ಗಳನ್ನು ಸೈಟೇಶನ್ ಪ್ರಕಾರ ಸಾಲಾಗಿ ನಿಲ್ಲಿಸಿ, ಹೆಚ್ಚು ಇರೋದು ಮುಂದೆ. ಉದಾಹರಣೆಗೆ 48, 33, 20, 12, 9, 7, 6, 3, 1, 0. ಆರನೇ ಪೇಪರಿಗೆ 7 ಸೈಟೇಶನ್, ಅಂದರೆ ಆರಕ್ಕಿಂತ ಕಡಿಮೆ ಇಲ್ಲ. ಏಳನೆಯದಕ್ಕೆ 6, ಅಂದರೆ ಏಳಕ್ಕಿಂತ ಕಡಿಮೆ. ಅಲ್ಲಿಗೆ ನಿಂತಿತು: ಎಚ್-ಇಂಡೆಕ್ಸ್ 6. ಈಗ ಮೊದಲನೇ ಪೇಪರಿನ 48ನ್ನು 4800 ಮಾಡಿ ನೋಡಿ. ಎಚ್-ಇಂಡೆಕ್ಸ್ ಆಗಲೂ 6! ಇದನ್ನು ನೋಡಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು.

ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. 2002ರಲ್ಲಿ ಜರ್ನಲ್ ಆಫ್ ನ್ಯೂರೋಸೈನ್ಸ್‌ನಲ್ಲಿ ಬೆಂಗಳೂರಿನಿಂದ ಒಂದು ಪೇಪರ್ ಬಂತು. ಅಜಯ್ ವ್ಯಾಸ್, ರೂಪಶಿ ಮಿತ್ರ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಮತ್ತು ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಬರೆದದ್ದು. ಇಲಿಗಳಿಗೆ ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಒತ್ತಡ ಕೊಟ್ಟರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ಕವಲುಗಳು ಕುಗ್ಗಿದವು, ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಬೆಳೆದವು. (ಇಂಟರ್ನಲ್ಸ್ ವಾರದಲ್ಲಿ ಓದಿದ್ದು ಮರೆತು ಭಯ ಮಾತ್ರ ಉಳಿಯೋದು ಯಾಕೆ ಅಂತ ನಮಗೆ ಅನುಮಾನ ಇದ್ದೇ ಇತ್ತು.) ಆ ಪೇಪರಿಗೆ ಸಾವಿರಕ್ಕೂ ಹೆಚ್ಚು ಸೈಟೇಶನ್ ಬಂದಿವೆ. ಎಚ್-ಇಂಡೆಕ್ಸ್‌ನಲ್ಲಿ ಅದಕ್ಕೆ ಸಿಗೋ ಜಾಗ ಮಾತ್ರ ಒಂದೇ. ಇನ್ನೊಂದು ಮಾತು: ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದು, ಕೊನೆಯದು ಲ್ಯಾಬ್ ನಡೆಸುವವರದು. ಸೈಟೇಶನ್ ಎಣಿಕೆಗೆ ಆ ವ್ಯತ್ಯಾಸ ಗೊತ್ತಿಲ್ಲ, ನಾಲ್ವರಿಗೂ ಅಷ್ಟೇ.

ನಮ್ಮ ಶೀಟ್‌ಗೆ ವಾಪಸ್ ಬರೋಣ. ಪಟ್ಟಿಯ ತುದಿಯಲ್ಲಿದ್ದವರು ಒಬ್ಬ ಪಾಟೀಲ್. ನಮ್ಮ ಜಿಲ್ಲೆಯಲ್ಲಿ ಬಸ್ಸಲ್ಲಿ ನಿಂತು ಪಾಟೀಲ್ರೇ ಅಂತ ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತೆ. ಅವರ ಪೇಪರ್‌ಗಳನ್ನು ಒಂದೊಂದಾಗಿ ನೋಡ್ತಾ ಹೋದಾಗ ಅಫಜಲಪುರದವ ನಕ್ಕ: "ಇವರು ಮೆದುಳೂ ನೋಡ್ತಾರ, ಕಬ್ಬಿನ ರೋಗಾನೂ ನೋಡ್ತಾರೇನ್ಲೇ?" ಒಂದೇ ಹೆಸರಿನ ಇಬ್ಬರ ಪೇಪರ್‌ಗಳು ಕೂಡಿಬಿಟ್ಟಿದ್ದವು. ಉಲ್ಟಾ ಕೂಡ ಆಗುತ್ತೆ. ಇನಿಶಿಯಲ್ ಹಿಂದೆ ಮುಂದೆ ಆದರೆ, ಮದುವೆಯಾಗಿ ಹೆಸರು ಬದಲಾದರೆ, ಒಬ್ಬರೇ ಇಬ್ಬರಾಗ್ತಾರೆ. ಇದಕ್ಕೇ 2012ರಿಂದ ಆರ್ಕಿಡ್ ಅನ್ನೋ 16 ಅಂಕಿಯ ನಂಬರ್ ಇದೆ. ಹೂವಿನ ಆರ್ಕಿಡ್ ಅಲ್ಲ, ಸಂಶೋಧಕರ ಆಧಾರ್ ಅನ್ನಿ.

ಎರಡನೇ ತಪ್ಪನ್ನು ಹಿಡಿದಿದ್ದು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿರೋ ಒಬ್ಬ ಅಕ್ಕ. ಆಳಂದದವ ಊರಿಗೆ ಹೋಗೋ ದಾರಿಯಲ್ಲಿ ಇಳಿದು ಶೀಟ್ ತೋರಿಸಿದ್ದ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವರೆಲ್ಲಾ ಎಷ್ಟು ವರ್ಷದಿಂದ ಕೆಲಸ ಮಾಡ್ಲಿಕತ್ತಾರಂತ ನೋಡೀರೇನು?" ನೋಡಿರಲಿಲ್ಲ. ಮೂವತ್ತು ವರ್ಷಕ್ಕೆ 30 ಇರೋರು ಮೇಲಿದ್ದರು, ನಾಲ್ಕು ವರ್ಷಕ್ಕೆ 8 ಇರೋರು ಒಂಬತ್ತನೇ ಸಾಲಲ್ಲಿ. ಎಚ್-ಇಂಡೆಕ್ಸನ್ನು ಮೊದಲ ಪೇಪರಿನಿಂದ ಕಳೆದ ವರ್ಷಗಳಿಂದ ಭಾಗಿಸಿ ಅಂತ ಹಿರ್ಶ್ ಅವರೇ ಹೇಳಿದ್ದಾರೆ. ಭಾಗಿಸಿದರೆ ಮೊದಲನೆಯವರಿಗೆ 1, ಎರಡನೆಯವರಿಗೆ 2. ವರ್ಷ ಕಡಿಮೆ ಇದ್ದಾಗ ಈ ಸಂಖ್ಯೆಯೂ ಜಿಗಿದಾಡುತ್ತೆ ಅಂತ ಅಕ್ಕ ಎಚ್ಚರಿಸಿದರು. ಮತ್ತೆ, ಎಲ್ಲರ ಅಂಕಿಯನ್ನೂ ಒಂದೇ ಕಡೆಯಿಂದ ತಗೊಳ್ಳಿ ಅಂದರು: ಗೂಗಲ್ ಸ್ಕಾಲರ್ ಥೀಸಿಸ್, ಪುಸ್ತಕ ಎಲ್ಲ ಎಣಿಸೋದರಿಂದ ಸಾಮಾನ್ಯವಾಗಿ ಸ್ಕೋಪಸ್‌ಗಿಂತ ಹೆಚ್ಚು ತೋರಿಸುತ್ತೆ. ನೀನು ನನ್ನದು ಹಾಕು, ನಾನು ನಿನ್ನದು ಹಾಕ್ತೀನಿ ಅನ್ನೋ ಮದುವೆ ಮುಯ್ಯಿಯಂಥ ಸೈಟೇಶನ್‌ಗಳೂ ಇವೆಯಂತೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಒಂದೇ ಮಾತು. ಅದು ಜರ್ನಲ್‌ನ ಹಿಂದಿನ ಎರಡು ವರ್ಷದ ಲೇಖನಗಳ ಸರಾಸರಿ, ಒಬ್ಬ ಮನುಷ್ಯನ ಮಾರ್ಕ್ಸ್ ಅಲ್ಲ. ನಮ್ಮ ಕ್ಲಾಸ್ ಆವರೇಜ್ ಹೇಳಿದರೆ ಅಫಜಲಪುರದವನ ಮ್ಯಾಥ್ಸ್ ಬ್ಯಾಕ್‌ಲಾಗ್ ಕಾಣುತ್ತಾ?

ಶೀಟ್ ಡಿಲೀಟ್ ಮಾಡಲಿಲ್ಲ, ಎರಡು ಕಾಲಂ ಸೇರಿಸಿದೆವು: ಎಷ್ಟು ವರ್ಷ, ಮತ್ತು ಪೇಪರ್ ನಾವೇ ಓದಿದೆವಾ. ಎರಡನೇ ಕಾಲಂ ತುಂಬೋದು ಕಷ್ಟ, ಒಂದು ಪೇಪರಿಗೆ ಎರಡು ಸಂಜೆ ಬೇಕು. ಒಂಬತ್ತನೇ ಸಾಲಿನ ಮೇಡಂ ಅವರ ಎರಡು ಪೇಪರ್ ಓದಿ, ಮೂರನೇ ಚಿತ್ರದಲ್ಲಿ ಅರ್ಥವಾಗದ ಒಂದು ಗ್ರಾಫ್ ಬಗ್ಗೆ ಪ್ರಶ್ನೆ ಬರೆದು, ಜೇವರ್ಗಿಯವಳು ಭಾನುವಾರ ರಾತ್ರಿ ಮೇಲ್ ಕಳಿಸಿದಳು. ಇದನ್ನು ಟೈಪ್ ಮಾಡೋ ಹೊತ್ತಿಗೆ ಇನ್ನೂ ಉತ್ತರ ಬಂದಿಲ್ಲ. ಲ್ಯಾಬ್ ಅವರ್‌ನಲ್ಲೂ ಫೋನ್ ನೋಡ್ತಿದ್ದಾಳೆ.